ನಡುವಿನ ಮೂರು ವರ್ಷ: ನಮ್ಮ ಮಕ್ಕಳು ಹಿಂದೆ ಬೀಳುವುದು ಎಲ್ಲಿ?

(ಹೆತ್ತವರ ಸಭೆಯೊಂದರಲ್ಲಿ ನಿವೃತ್ತ ಗಣಿತ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)





ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆಯ ಮೇಲೆ ಪ್ರಭಾವ ಬೀರುವ ಅಂಶಗಳ ಕುರಿತು ಮಾತನಾಡಬೇಕೆಂದು ಸಂಘಟಕರು ನನಗೆ ಸೂಚಿಸಿದ್ದಾರೆ. ವಿಷಯ ಬಹಳ ವಿಸ್ತಾರವಾದುದು. ನಾನು ಅದನ್ನು ಮೂರು ತರಗತಿಗಳಿಗೆ ಸೀಮಿತಗೊಳಿಸುತ್ತೇನೆ. 6, 7 ಮತ್ತು 8. ಅಂದರೆ 11ರಿಂದ 14ರ ವರೆಗಿನ ವಯಸ್ಸು. ಈ ಮೂರು ವರ್ಷಗಳನ್ನೇ ಏಕೆ ಆರಿಸಿಕೊಂಡೆ ಎಂಬುದನ್ನು ವಿವರಿಸುವ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಹಲವು ವರ್ಷಗಳ ಹಿಂದೆ ನಾನು ಗಣಿತ ಕಲಿಸುತ್ತಿದ್ದ 8ನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕೊನೆಯ ಬೆಂಚು. ಗಲಾಟೆಯಿಲ್ಲ, ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ಅವನ ಉತ್ತರ ಪತ್ರಿಕೆ ಬಹುತೇಕ ಖಾಲಿಯಾಗಿರುತ್ತಿತ್ತು. ಅವನ ಪ್ರಗತಿ ಪತ್ರದಲ್ಲಿ ನಾನು, 'ಆಸಕ್ತಿಯಿಲ್ಲ, ಸೋಮಾರಿ' ಎಂದು ಬರೆದೆ. ತಂದೆ ಬಂದು ಸಹಿ ಹಾಕಿದರು. ನನ್ನೆದುರೇ ಮಗನ ಬೆನ್ನಿಗೊಂದು ಏಟು ಕೊಟ್ಟರು. ನನಗೆ ಅದು ತಪ್ಪೆಂದು ಅನಿಸಲಿಲ್ಲ.

ಒಂದು ಸಂಜೆ ಮೀನು ಮಾರುಕಟ್ಟೆಗೆ ಹೋಗಿದ್ದೆ. ಆ ಹುಡುಗ ತನ್ನ ಮಾವನ ಜಾಗದಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದ. ಬಂಗುಡೆ ಕಿಲೋಗೆ 60 ರೂಪಾಯಿ. ನಾನು ಬೇಕೆಂದೇ ಎರಡೂಕಾಲು ಕಿಲೋ ಕೇಳಿದೆ. ಮೀನು ತೂಗಿ ಮುಗಿಯುವ ಮೊದಲೇ, "ನೂರಾ ಮೂವತ್ತೈದು ಸರ್" ಎಂದ. ಕಾಗದವಿಲ್ಲ, ಪೆನ್ನಿಲ್ಲ. ಮರುದಿನ ಅದೇ ಲೆಕ್ಕವನ್ನು ವಾಕ್ಯರೂಪದಲ್ಲಿ ಕರಿಹಲಗೆಯ ಮೇಲೆ ಬರೆದು ಅವನನ್ನು ಎಬ್ಬಿಸಿದೆ. ತಲೆ ತಗ್ಗಿಸಿ ನಿಂತ. "ಗಟ್ಟಿಯಾಗಿ ಓದು" ಎಂದೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದತೊಡಗಿದ. ವಾಕ್ಯದ ಕೊನೆಗೆ ತಲುಪುವಷ್ಟರಲ್ಲಿ ಅದರ ಆರಂಭ ಅವನಿಗೆ ಮರೆತು ಹೋಗಿತ್ತು.

ಅವನಿಗೆ ಗಣಿತ ಬರುತ್ತಿತ್ತು. ಓದಲು ಬರುತ್ತಿರಲಿಲ್ಲ. ಏಳು ವರ್ಷ ಶಾಲೆಗೆ ಬಂದು ಹೋದ ಆ ಹುಡುಗನಿಂದ ಒಂದು ಪುಟ ಓದಿಸಿ ನೋಡಿದವರು ಯಾರೂ ಇರಲಿಲ್ಲ. ನಾನೂ ನೋಡಿರಲಿಲ್ಲ. ಇದು ನನಗೆ ತಿಳಿದದ್ದು ಜನವರಿಯಲ್ಲಿ. ಜೂನ್‌ನಲ್ಲಿ 9ನೇ ತರಗತಿಯ ಹಾಜರಿ ಕರೆಯುವಾಗ ಅವನ ಹೆಸರಿಗೆ ಉತ್ತರ ಬರಲಿಲ್ಲ.

ಯಾರಿಗೂ ಸೇರದ ವರ್ಷಗಳು

ಸಹೋದರರೇ, ಮಗು 1ನೇ ತರಗತಿಗೆ ಸೇರುವಾಗ ಹೊಸ ಬ್ಯಾಗು, ಹೊಸ ಬೂಟು ತರುತ್ತೇವೆ. ಮನೆ ಮಂದಿಯೆಲ್ಲ ಶಾಲೆಯ ಗೇಟಿನ ವರೆಗೆ ಹೋಗುತ್ತೇವೆ. 10ನೇ ತರಗತಿಗೆ ಬಂದಾಗ ಟ್ಯೂಷನ್ ಹುಡುಕುತ್ತೇವೆ, ಟಿ.ವಿ. ಬಂದ್ ಮಾಡುತ್ತೇವೆ, ಮಸೀದಿಯಲ್ಲಿ ದುಆ ಮಾಡಿಸುತ್ತೇವೆ. ನಮ್ಮ ಸಂಘ ಸಂಸ್ಥೆಗಳು ಕೂಡಾ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ ಫಲಕ ಕೊಡುತ್ತವೆ. ಆದರೆ ನಡುವಿನ ಈ ಮೂರು ವರ್ಷಗಳು ಯಾರಿಗೂ ಸೇರಿಲ್ಲ. ಎಸ್ಸೆಸ್ಸೆಲ್ಸಿಯ ಫಲಿತಾಂಶ ಮೇ ತಿಂಗಳಲ್ಲಿ ಪ್ರಕಟವಾಗುತ್ತದೆ ನಿಜ. ಆದರೆ ಅದು ನಿರ್ಧಾರವಾಗಿರುವುದು ಬಹುಮಟ್ಟಿಗೆ ಮೂರು ನಾಲ್ಕು ವರ್ಷಗಳ ಹಿಂದೆ, ಯಾರೂ ನೋಡದಿದ್ದಾಗ.

ಈ ಅವಧಿಯಲ್ಲಿ ಮಗುವಿನ ಜೀವನದಲ್ಲಿ ಹಲವು ಬದಲಾವಣೆಗಳು ಒಟ್ಟಿಗೇ ಸಂಭವಿಸುತ್ತವೆ. ಅದರ ಶರೀರ ಬದಲಾಗುತ್ತದೆ. ತಂದೆಯ ಮಾತಿಗಿಂತ ಗೆಳೆಯನ ಮಾತು ಹೆಚ್ಚು ತೂಕದ್ದಾಗುತ್ತದೆ. ಎಲ್ಲವನ್ನೂ ಕಲಿಸುತ್ತಿದ್ದ ಒಬ್ಬ ಟೀಚರ್‌ನ ಬದಲಿಗೆ ವಿಷಯಕ್ಕೊಬ್ಬ ಅಧ್ಯಾಪಕರು ಬರುತ್ತಾರೆ. ನಮ್ಮ ರಾಜ್ಯದ ಅನೇಕ ಸರಕಾರಿ ಶಾಲೆಗಳು 7ನೇ ತರಗತಿಗೆ ಕೊನೆಗೊಳ್ಳುತ್ತವೆ. 8ನೇ ತರಗತಿಗೆ ಬೇರೆ ಕಟ್ಟಡ, ಬೇರೆ ಊರು, ಕೆಲವೊಮ್ಮೆ ಬೇರೆ ಮಾಧ್ಯಮ. ಪಾಠದ ಸ್ವರೂಪವೂ ಬದಲಾಗುತ್ತದೆ. 5ನೇ ತರಗತಿಯ ತನಕ ಮಗು ಓದಲು ಕಲಿಯುತ್ತದೆ. ಅನಂತರ ಓದಿ ಕಲಿಯಬೇಕಾಗುತ್ತದೆ. ಮೊದಲನೆಯದು ಆಗದಿದ್ದವನಿಗೆ ಎರಡನೆಯದರ ಬಾಗಿಲೇ ತೆರೆಯುವುದಿಲ್ಲ.

ಇದು ನನ್ನ ಆ ಒಬ್ಬ ವಿದ್ಯಾರ್ಥಿಯ ಕತೆ ಮಾತ್ರ ಎಂದು ಭಾವಿಸಬೇಡಿ. ದೇಶದ ಗ್ರಾಮೀಣ ಭಾಗದ ಮಕ್ಕಳ ಕಲಿಕೆಯನ್ನು ಮನೆ ಮನೆಗೆ ಹೋಗಿ ಪರೀಕ್ಷಿಸುವ 'ಅಸರ್' ಸಮೀಕ್ಷೆ 2005ರಿಂದ ನಡೆಯುತ್ತಾ ಬಂದಿದೆ. 2018ರಲ್ಲಿ 8ನೇ ತರಗತಿಯ ಮಕ್ಕಳ ಪೈಕಿ 2ನೇ ತರಗತಿಯ ಪಾಠವನ್ನು ಓದಬಲ್ಲವರು ಶೇ. 73ರಷ್ಟಿದ್ದರು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಸುಮಾರು ಶೇ. 44. ಬಳಿಕ ಕೊರೋನಾ ಬಂತು. ನಮ್ಮ ರಾಜ್ಯದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ 6ರಿಂದ 8ರ ತರಗತಿಗಳು ಬಹಳ ಕಾಲ ಪೂರ್ಣವಾಗಿ ನಡೆಯಲಿಲ್ಲ. 2022ರ ಸಮೀಕ್ಷೆಯಲ್ಲಿ ಓದಬಲ್ಲವರ ಪ್ರಮಾಣ ಸುಮಾರು ಶೇ. 70ಕ್ಕೆ ಇಳಿಯಿತು. ಅಂದರೆ 8ನೇ ತರಗತಿಯ ಪ್ರತಿ ಹತ್ತು ಮಕ್ಕಳಲ್ಲಿ ಮೂವರಿಗೆ 2ನೇ ತರಗತಿಯ ಪಾಠ ಓದಲಾಗುತ್ತಿರಲಿಲ್ಲ. ಅವರೆಲ್ಲರೂ ಪ್ರತಿ ವರ್ಷ 'ತೇರ್ಗಡೆ'ಯಾದವರೇ.

2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 8ನೇ ತರಗತಿಯ ವರೆಗೆ ಯಾರನ್ನೂ ಅನುತ್ತೀರ್ಣಗೊಳಿಸಬಾರದೆಂದು ವಿಧಿಸಿತ್ತು. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಗಳ ಮಟ್ಟಿಗೆ ನಿರ್ಧಾರವನ್ನು ಸರಕಾರಗಳಿಗೆ ಬಿಟ್ಟಿತು. ಅವಮಾನಕ್ಕೆ ಹೆದರಿ ಮಗು ಶಾಲೆ ಬಿಡಬಾರದೆಂಬ ಮೂಲ ಉದ್ದೇಶ ಒಳ್ಳೆಯದೇ ಆಗಿತ್ತು. ತಪ್ಪಿದ್ದು ನಮ್ಮಲ್ಲಿ. ತೇರ್ಗಡೆಯಾದ ಮಗು ಕಲಿತಿದೆ ಎಂದು ನಾವು ನಂಬಿಬಿಟ್ಟೆವು.

ಮೊದಲು ಶರೀರ, ಆಮೇಲೆ ಬುದ್ಧಿ

ಮಗು ಹಿಂದೆ ಬಿದ್ದಾಗ ನಾವು ಮೊದಲು ಶಂಕಿಸುವುದು ಅದರ ಬುದ್ಧಿಯನ್ನು. ಕೊನೆಗೆ ಶಂಕಿಸುವುದು ಅದರ ಕಣ್ಣನ್ನು. ದೂರದ ವಸ್ತು ಮಸುಕಾಗಿ ಕಾಣುವ ದೋಷ ಸಾಮಾನ್ಯವಾಗಿ ಆರಂಭವಾಗುವುದು ಈ ಶಾಲಾ ವಯಸ್ಸಿನಲ್ಲೇ. ಮಗುವಿಗೆ ಅದು ತಿಳಿಯುವುದಿಲ್ಲ. ಎಲ್ಲರಿಗೂ ಕರಿಹಲಗೆ ಹೀಗೆಯೇ ಕಾಣುತ್ತದೆಂದು ಅದು ಭಾವಿಸುತ್ತದೆ. ಚೀನಾದ ಗ್ರಾಮೀಣ ಶಾಲೆಗಳಲ್ಲಿ ಇಂತಹ ಮಕ್ಕಳಿಗೆ ಉಚಿತವಾಗಿ ಕನ್ನಡಕ ಕೊಟ್ಟು ನೋಡಿದ ಪ್ರಯೋಗವೊಂದರ ವರದಿ 2014ರಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದ ಮಕ್ಕಳ ಗಣಿತದ ಅಂಕಗಳು ಇತರರಿಗಿಂತ ಉತ್ತಮಗೊಂಡವು. ಯಾರೂ ಅವರಿಗೆ ಟ್ಯೂಷನ್ ಕೊಟ್ಟಿರಲಿಲ್ಲ. ಹಲಗೆ ಕಾಣುವಂತೆ ಮಾಡಿದ್ದರು, ಅಷ್ಟೇ.

ಎರಡನೆಯದು ನಿದ್ದೆ. 12 ವರ್ಷದ ತನಕದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ, 13ರ ಬಳಿಕ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ನೀಡಿದ ಸಲಹೆ. ನಮ್ಮ ಮನೆಗಳ ಲೆಕ್ಕ ನೋಡಿ. ಕರಾವಳಿಯ ನಮ್ಮ ಮಕ್ಕಳು ಮುಂಜಾನೆಯೇ ಎದ್ದು ಮೊದಲು ಮದ್ರಸಕ್ಕೆ ಹೋಗಿ, ಅಲ್ಲಿಂದ ಶಾಲೆಗೆ ಓಡುತ್ತಾರೆ. ಐದೂವರೆಗೆ ಏಳಬೇಕಾದ 12 ವರ್ಷದ ಹುಡುಗ ರಾತ್ರಿ ಎಂಟೂವರೆಗೆ ಮಲಗಬೇಕು. ಅವನು ಮಲಗುವುದು ಹನ್ನೊಂದಕ್ಕೆ. ಮೂರನೇ ಪೀರಿಯಡ್‌ನಲ್ಲಿ ಅವನು ತೂಕಡಿಸಿದರೆ ಅಧ್ಯಾಪಕರು ಸೋಮಾರಿ ಎನ್ನುತ್ತಾರೆ, ಮದ್ರಸದ ಉಸ್ತಾದರು ಕೂಡಾ ಅದನ್ನೇ ಹೇಳುತ್ತಾರೆ. ಇಲ್ಲಿ ದೋಷ ಬೆಳಗ್ಗಿನ ಮದ್ರಸದ್ದಲ್ಲ, ರಾತ್ರಿಯದ್ದು. ಹತ್ತು ಗಂಟೆಗೆ ಊಟ ಬಡಿಸುವ, ಅನಂತರ ಎಲ್ಲರೂ ಒಂದೊಂದು ಮೊಬೈಲ್ ಹಿಡಿದು ಕೂರುವ ನಮ್ಮ ಮನೆಯ ಕ್ರಮದ್ದು.

ಮೊಬೈಲ್‌ನಲ್ಲಿಯೇ ಪಾಠ ಕಲಿಯುತ್ತಾನೆ ಎಂದು ಕೆಲವರು ಹೇಳುತ್ತಾರೆ. 2024ರ ಅಸರ್ ಸಮೀಕ್ಷೆ 14ರಿಂದ 16 ವಯಸ್ಸಿನ ಗ್ರಾಮೀಣ ಮಕ್ಕಳನ್ನು ಈ ಬಗ್ಗೆಯೂ ಕೇಳಿತು. ಹಿಂದಿನ ವಾರ ಕಲಿಕೆಗಾಗಿ ಫೋನ್ ಬಳಸಿದ್ದವರು ಶೇ. 57. ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದ್ದವರು ಶೇ. 76.

ಮೂರನೆಯದು ರಕ್ತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. ಅದು 15ನೇ ಹುಟ್ಟುಹಬ್ಬದಂದು ಹಠಾತ್ತನೆ ಬರುವುದಲ್ಲ. ಮುಟ್ಟು ಆರಂಭವಾಗುವ ಈ ಮಧ್ಯದ ವರ್ಷಗಳಲ್ಲೇ ಅದು ಹೆಚ್ಚಾಗುತ್ತದೆ. ಸದಾ ಸುಸ್ತು, ತಲೆನೋವು, ಪಾಠದಲ್ಲಿ ಗಮನವಿಲ್ಲ ಎಂಬ ದೂರುಗಳ ಹಿಂದೆ ಎಷ್ಟೋ ಬಾರಿ ಇರುವುದು ಇದೇ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಗಳು ನುಂಗುತ್ತಾಳೋ ಎಸೆಯುತ್ತಾಳೋ ಎಂದು ತಾಯಂದಿರು ವಿಚಾರಿಸಬೇಕು. ಶಾಲೆಯ ಶೌಚಾಲಯ ಬಳಸುವಂತಿದೆಯೇ ಎಂದೂ ವಿಚಾರಿಸಬೇಕು. ಅದಕ್ಕೆ ಹೆದರಿ ದಿನವಿಡೀ ನೀರು ಕುಡಿಯದೆ ಕೂರುವ ಹುಡುಗಿಯರನ್ನು ನಾನು ಕಂಡಿದ್ದೇನೆ.

ಹತ್ತು ದಿನಗಳ ರಜೆ, ಹತ್ತು ವರ್ಷಗಳ ನಷ್ಟ

6ರಿಂದ 8ರ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 220 ದಿನ ಪಾಠ ನಡೆಯಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ತಿಂಗಳಿಗೆ ಎರಡು ದಿನ ಮಗು ಶಾಲೆ ತಪ್ಪಿಸಿದರೆ ನಮಗೆ ಏನೂ ಅನಿಸುವುದಿಲ್ಲ. ವರ್ಷಕ್ಕೆ ಅದು ಸುಮಾರು 20 ದಿನ, ಹನ್ನೊಂದರಲ್ಲಿ ಒಂದು ಪಾಲು. ಚಿಕ್ಕಪ್ಪನ ಮಗಳ ಮದುವೆಗೆ ಮೆಹಂದಿಯಿಂದ ವಲೀಮದ ತನಕ ನಾಲ್ಕು ದಿನ. ಗಲ್ಫ್‌ನಿಂದ ತಂದೆ ಬಂದರೆಂದು ಒಂದು ವಾರ, ಹೊರಟರೆಂದು ಎರಡು ದಿನ. ನಾವು ಸಂಬಂಧಗಳನ್ನು ಉಳಿಸಿಕೊಳ್ಳುವ ಜನ. ಅದು ಒಳ್ಳೆಯ ಗುಣ. ಆದರೆ ಅದರ ಬೆಲೆಯನ್ನು ತೆರುತ್ತಿರುವವರು ಯಾರೆಂದು ನೋಡಬೇಡವೇ?

ಗಣಿತ ಅಧ್ಯಾಪಕನಾಗಿ ಒಂದು ಉದಾಹರಣೆ ಕೊಡುತ್ತೇನೆ. ಭಿನ್ನರಾಶಿಯ ಪಾಠಕ್ಕೆ ಹತ್ತು ಹನ್ನೆರಡು ದಿನ ಸಾಕು. ಆ ದಿನಗಳಲ್ಲಿ ಗೈರಾದ ಮಗುವಿಗೆ ಅನುಪಾತ ತಿಳಿಯುವುದಿಲ್ಲ. ಅನುಪಾತ ತಿಳಿಯದವನಿಗೆ ಶೇಕಡಾವಾರು, ಬಡ್ಡಿ, ಬೀಜಗಣಿತ ಯಾವುದೂ ತಿಳಿಯುವುದಿಲ್ಲ. ಬೀಜಗಣಿತವಿಲ್ಲದೆ ಭೌತಶಾಸ್ತ್ರವಿಲ್ಲ. ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು ಬ್ರಿಟನ್ ಹಾಗೂ ಅಮೆರಿಕದ ಮಕ್ಕಳನ್ನು ವರ್ಷಗಳ ಕಾಲ ಅನುಸರಿಸಿದ ಮಾಹಿತಿಯನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. 10ರಿಂದ 12ರ ವಯಸ್ಸಿನಲ್ಲಿ ಭಿನ್ನರಾಶಿ ಮತ್ತು ಭಾಗಾಕಾರವನ್ನು ಚೆನ್ನಾಗಿ ಅರಿತವರು ಹೈಸ್ಕೂಲ್ ಗಣಿತದಲ್ಲಿ ಮುಂದಿದ್ದರು. ಬುದ್ಧಿಮಟ್ಟ, ಕುಟುಂಬದ ಆದಾಯ ಮತ್ತು ಹೆತ್ತವರ ವಿದ್ಯಾಭ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಬಳಿಕವೂ ಈ ಸಂಬಂಧ ಉಳಿಯಿತು. ಇಂಜಿನಿಯರಿಂಗ್ ಸೀಟಿನ ಬಗ್ಗೆ ನಾವು ಚಿಂತಿಸುವುದು ಪಿಯುಸಿಯಲ್ಲಿ. ಅದು ಕೈತಪ್ಪಿರುವುದು 6ನೇ ತರಗತಿಯ ಒಂದು ಮದುವೆ ವಾರದಲ್ಲಿರಬಹುದು.

ಮನೆಯ ಮಾತು, ಪುಸ್ತಕದ ಭಾಷೆ

ನಮ್ಮ ಮನೆಗಳಲ್ಲಿ ಬ್ಯಾರಿ, ದಖನಿ, ನವಾಯತಿ ಅಥವಾ ಮಲಯಾಳ. ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಅಥವಾ ಉರ್ದು. ಹಲವು ಭಾಷೆಗಳ ನಡುವೆ ಬೆಳೆಯುವುದು ದೌರ್ಬಲ್ಯವಲ್ಲ, ಸಂಪತ್ತು. ಆದರೆ ಒಂದು ಭ್ರಮೆಯಿಂದ ನಾವು ಹೊರಬರಬೇಕು. ಮಗು ಪಟಪಟನೆ ಕನ್ನಡವನ್ನೋ ಇಂಗ್ಲಿಷನ್ನೋ ಮಾತಾಡಿದರೆ ಪಾಠವೂ ಅರ್ಥವಾಗುತ್ತಿದೆ ಎಂದು ತಿಳಿಯುತ್ತೇವೆ. ಕೆನಡಾದ ಭಾಷಾ ವಿದ್ವಾಂಸ ಜಿಮ್ ಕಮಿನ್ಸ್ ಈ ಎರಡನ್ನೂ ಬೇರ್ಪಡಿಸಿ ತೋರಿಸಿದ್ದಾರೆ. ಹೊಸ ಭಾಷೆಯಲ್ಲಿ ಆಟವಾಡುತ್ತಾ ಮಾತಾಡಲು ಮಗುವಿಗೆ ಸುಮಾರು ಎರಡು ವರ್ಷ ಸಾಕು. ಅದೇ ಭಾಷೆಯಲ್ಲಿ ಪಾಠವನ್ನು ಇತರರಂತೆ ಗ್ರಹಿಸಲು ಐದರಿಂದ ಏಳು ವರ್ಷ ಬೇಕಾಗುತ್ತದೆ.

ಇದನ್ನು ತಿಳಿಯದೆ ನಾವೇನು ಮಾಡುತ್ತೇವೆ? 5ನೇ ತರಗತಿಯ ತನಕ ಕನ್ನಡದಲ್ಲೋ ಉರ್ದುವಿನಲ್ಲೋ ಕಲಿತ ಮಗುವನ್ನು ನೆರೆಮನೆಯವರನ್ನು ನೋಡಿ 6ನೇ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುತ್ತೇವೆ. ಉರ್ದು ಶಾಲೆಯಲ್ಲಿ 7ನೇ ತರಗತಿ ಮುಗಿಸಿದ ಮಗುವಿಗೆ ಹತ್ತಿರ ಉರ್ದು ಹೈಸ್ಕೂಲ್ ಇಲ್ಲದಿದ್ದರೆ ಅದಕ್ಕೆ ಮಾಧ್ಯಮದ ಬದಲಾವಣೆ ಅನಿವಾರ್ಯವೇ ಆಗುತ್ತದೆ. ನಾನು ಇಂಗ್ಲಿಷ್‌ನ ವಿರೋಧಿಯಲ್ಲ. ಬದಲಾಯಿಸಲೇಬೇಕಿದ್ದರೆ ಒಂದು ವರ್ಷ ಮೊದಲೇ ಆ ಭಾಷೆಯಲ್ಲಿ ಓದಿನ ಅಭ್ಯಾಸ ಮಾಡಿಸಿ, ಆಮೇಲೆ ಬದಲಾಯಿಸಿರಿ. ಮಗು ತನ್ನ ಭಾಷೆಯಲ್ಲಿ ಎಷ್ಟು ಚೆನ್ನಾಗಿ ಓದಬಲ್ಲುದೋ ಎರಡನೇ ಭಾಷೆಯನ್ನು ಅಷ್ಟು ಸುಲಭವಾಗಿ ಗಳಿಸುತ್ತದೆ. ಯಾವ ಭಾಷೆಯಲ್ಲೂ ಓದಲು ಬಾರದ ಮಗುವಿಗೆ ಸಮವಸ್ತ್ರದ ಟೈ ಯಾವುದನ್ನೂ ಕಲಿಸುವುದಿಲ್ಲ.

ನಾವು ಓದುವ ಆಜ್ಞೆಯಿಂದ ಅವತೀರ್ಣಗೊಳ್ಳಲು ಆರಂಭವಾದ ಗ್ರಂಥದ ಅನುಯಾಯಿಗಳು. ಪ್ರತಿ ಶೈಕ್ಷಣಿಕ ಸಮಾವೇಶದಲ್ಲೂ ಇದನ್ನು ಅಭಿಮಾನದಿಂದ ನೆನಪಿಸಿಕೊಳ್ಳುತ್ತೇವೆ. ಆದರೆ ನಮ್ಮ ಮನೆಯ 7ನೇ ತರಗತಿಯ ಮಗು ಒಂದು ಪುಟವನ್ನು ತಡವರಿಸದೆ ಓದಬಲ್ಲುದೇ ಎಂದು ಎಷ್ಟು ಮಂದಿ ನೋಡಿದ್ದೇವೆ?

'ಇವನಿಂದ ಆಗದು' ಎಂಬ ಮಾತು

ಈಗ ನಾನು ಅತ್ಯಂತ ಮುಖ್ಯವೆಂದು ಭಾವಿಸುವ ಅಂಶಕ್ಕೆ ಬರುತ್ತೇನೆ. ವಿಶ್ವಬ್ಯಾಂಕ್‌ನ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕಿಯರು ಉತ್ತರ ಪ್ರದೇಶದ ಗ್ರಾಮೀಣ ಭಾಗದಲ್ಲಿ ನಡೆಸಿದ ಒಂದು ಪ್ರಯೋಗವನ್ನು 2004ರಲ್ಲಿ ಪ್ರಕಟಿಸಿದರು. ಭಾಗವಹಿಸಿದವರು 6 ಮತ್ತು 7ನೇ ತರಗತಿಯ ಹುಡುಗರು. 321 ಮಂದಿ ಮೇಲ್ಜಾತಿಯವರು, ಅಷ್ಟೇ ಮಂದಿ ಕೆಳಜಾತಿಯವರೆನಿಸಿಕೊಂಡವರು. ಕಾಗದದ ಮೇಲೆ ಮುದ್ರಿಸಿದ ಚಕ್ರವ್ಯೂಹದಂತಹ ಒಗಟುಗಳಲ್ಲಿ ದಾರಿ ಕಂಡುಹಿಡಿಯಬೇಕು, ಬಿಡಿಸಿದ ಒಗಟಿಗೆ ಇಷ್ಟು ಎಂದು ಹಣ. ಯಾರ ಜಾತಿಯನ್ನೂ ಹೇಳದಿದ್ದಾಗ ಎರಡೂ ಗುಂಪಿನ ಹುಡುಗರ ಸಾಧನೆಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಅನಂತರ ಎಲ್ಲರ ಎದುರು ಹೆಸರಿನೊಂದಿಗೆ ಜಾತಿಯನ್ನೂ ಹೇಳಿ ಕೂರಿಸಿದರು. ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿಯಿತು. ಅವರ ಮೆದುಳು ಬದಲಾಗಿರಲಿಲ್ಲ. 'ನಾನು ಇಂತಹವನು, ನನ್ನಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ, ನನಗೆ ನ್ಯಾಯ ಸಿಗುವುದಿಲ್ಲ' ಎಂಬ ಭಾವನೆಯೊಂದು ನಡುವೆ ಬಂದು ಕುಳಿತಿತ್ತು.

ಈ ಪ್ರಯೋಗ ಮುಸ್ಲಿಮ್ ಮಕ್ಕಳ ಬಗ್ಗೆ ನಡೆದದ್ದಲ್ಲ. ಆದರೆ ತನ್ನ ಬೀದಿಯ ಹೆಸರು ಹೇಳಿದೊಡನೆ ಎದುರಿಗಿರುವವರ ಮುಖಭಾವ ಬದಲಾಗುವುದನ್ನು ಕಂಡ ಮಗುವಿಗೆ ಇದನ್ನು ವಿವರಿಸಬೇಕಾಗಿಲ್ಲ. 'ನಿಮ್ಮವರಿಗೆ ಓದು ಎಲ್ಲಿ ಹತ್ತುತ್ತದೆ' ಎಂಬ ಮಾತು ತರಗತಿಯಲ್ಲಿ ಕೇಳಿಬಂದರೆ ಅದನ್ನು ಶಾಂತವಾಗಿ, ಆದರೆ ದೃಢವಾಗಿ ಪ್ರಶ್ನಿಸುವುದು ಹೆತ್ತವರ ಹಕ್ಕು ಮತ್ತು ಹೊಣೆ.

ಹಾಗೆಯೇ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ಅದೇ ಮಾತನ್ನು ಮನೆಯಲ್ಲಿ ಹೇಳುವವರು ಯಾರು? 'ಇವನು ಓದುವವನಲ್ಲ, ಅಂಗಡಿಗೆ ಕೂರಿಸಿದರಾಯಿತು' ಎಂದು ಹುಡುಗನ ಮುಂದೆಯೇ ಅತಿಥಿಗಳಿಗೆ ಹೇಳುವವರು ನಾವು. 'ಎಷ್ಟು ಓದಿದರೂ ಮದುವೆ ಮಾಡಿ ಕೊಡುವುದೇ ಅಲ್ಲವೇ' ಎಂದು ಹುಡುಗಿಯ ಮುಂದೆ ಹೇಳುವವರೂ ನಾವೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಹುಡುಗಿಯರು ಮೇಲುಗೈ ಸಾಧಿಸಿದರೆಂದು ಪತ್ರಿಕೆಗಳು ಬರೆಯುತ್ತವೆ. ಹಾಗಿದ್ದರೂ ಹೈಸ್ಕೂಲ್ ದೂರವೆಂಬ ಕಾರಣಕ್ಕೆ ನಾವು ಮೊದಲು ಬಿಡಿಸುವುದು ಹುಡುಗಿಯನ್ನೇ. ಹುಡುಗನಾದರೋ ಸಂಜೆಯಾದೊಡನೆ ಬೀದಿಗೆ ಸೇರಿದವನು, ಅವನನ್ನು ಕೇಳುವವರೇ ಇಲ್ಲ. ಮಗಳಿಗೆ ಅತಿ ಕಾವಲು, ಮಗನಿಗೆ ಅತಿ ಸ್ವಾತಂತ್ರ್ಯ. ಈ ಎರಡರಿಂದಲೂ ನಷ್ಟವಾಗಿರುವುದು ಕಲಿಕೆಗೆ.

ಬುದ್ಧಿ ಹುಟ್ಟಿನಿಂದ ಬಂದ ಸ್ಥಿರ ಆಸ್ತಿಯೆಂದು ನಂಬಿದ ಮಗು ಒಂದು ಸೋಲಿಗೆ ಕುಸಿಯುತ್ತದೆ. ಅದು ಶ್ರಮದಿಂದ ಬೆಳೆಯುವಂತಹದ್ದೆಂದು ನಂಬಿದ ಮಗು ಮತ್ತೆ ಪ್ರಯತ್ನಿಸುತ್ತದೆ. ನ್ಯೂಯಾರ್ಕ್‌ನ 7ನೇ ತರಗತಿಯ 373 ಮಕ್ಕಳನ್ನು ಎರಡು ವರ್ಷ ಗಮನಿಸಿ ಕ್ಯಾರಲ್ ಡ್ವೆಕ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಣಿತದ ಅಂಕಗಳು ಏರುತ್ತಾ ಹೋದದ್ದು ಈ ಎರಡನೇ ಗುಂಪಿನ ಮಕ್ಕಳದ್ದು. ನಂಬಿಕೆಯೊಂದರಿಂದಲೇ ಪವಾಡ ನಡೆಯದು. ಬಳಿಕದ ದೊಡ್ಡ ಅಧ್ಯಯನಗಳು ಅದರ ಪ್ರಭಾವ ಸೀಮಿತವೆಂದು ತೋರಿಸಿವೆ. ಆದರೆ ಪ್ರಯತ್ನಿಸುವ ಮನಸ್ಸನ್ನೇ ಕಿತ್ತುಕೊಂಡ ಬಳಿಕ ಯಾವ ಟ್ಯೂಷನ್ ಏನು ಮಾಡೀತು?

ಓದು ಬಾರದ ತಾಯಿಯೂ ಮಾಡಬಲ್ಲ ಕೆಲಸ

"ಸರ್, ನಾನೇ 4ನೇ ತರಗತಿ, ಮಗನಿಗೆ ಏನು ಹೇಳಿಕೊಡಲಿ?" ಎಂದು ಕೇಳಿದ ತಾಯಂದಿರು ಎಷ್ಟೋ ಮಂದಿ. ಅವರಿಗೊಂದು ಸಂತೋಷದ ಸುದ್ದಿಯಿದೆ. ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಎಂಬ ವಿದ್ವಾಂಸೆಯರು ಮಧ್ಯಮ ಶಾಲೆಯ ಮಕ್ಕಳ ಹೆತ್ತವರ ಕುರಿತ 50 ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ವಿಶ್ಲೇಷಿಸಿದರು. ಮಗುವಿನ ಸಾಧನೆಯೊಂದಿಗೆ ಅತಿ ಹೆಚ್ಚು ಸಂಬಂಧವಿದ್ದುದು ಮನೆಪಾಠ ಮಾಡಿಸುವುದಕ್ಕಲ್ಲ. ಅದರಿಂದ ಸ್ಪಷ್ಟ ಲಾಭ ಕಾಣಿಸಲಿಲ್ಲ. ಹೆಚ್ಚು ಪ್ರಯೋಜನವಾದದ್ದು ಬೇರೊಂದರಿಂದ. ವಿದ್ಯೆಗೆ ನಮ್ಮ ಮನೆಯಲ್ಲಿ ಬೆಲೆಯಿದೆ ಎಂದು ಮಗುವಿಗೆ ತಿಳಿಸುವುದು, ನಿನ್ನಿಂದ ನಾವು ಇಷ್ಟನ್ನು ನಿರೀಕ್ಷಿಸುತ್ತೇವೆ ಎಂದು ಹೇಳುವುದು, ಇಂದಿನ ಪಾಠಕ್ಕೂ ನಾಳಿನ ಬದುಕಿಗೂ ಇರುವ ನಂಟನ್ನು ಮಾತಾಡುವುದು, ಮುಂದಿನ ದಾರಿಯನ್ನು ಮಗುವಿನೊಂದಿಗೆ ಕೂತು ಯೋಚಿಸುವುದು. ಇದಕ್ಕೆ ಬೀಜಗಣಿತ ಬೇಕಾಗಿಲ್ಲ. ಹದಿನೈದು ನಿಮಿಷ ಬೇಕು ಮತ್ತು ಮೊಬೈಲ್ ಇಲ್ಲದ ಕೈ ಬೇಕು. ದುಬೈಯಲ್ಲಿರುವ ತಂದೆಯೂ ಫೋನಿನಲ್ಲಿ, "ಮಾರ್ಕ್ ಎಷ್ಟು?" ಎಂದು ಕೇಳುವ ಬದಲು, "ಇಂದು ಯಾವುದು ಅರ್ಥವಾಗಲಿಲ್ಲ?" ಎಂದು ಕೇಳಬಹುದು.

ಸರಕಾರದ ಹೊಣೆ, ನಮ್ಮ ಹೊಣೆ

ಹಾಗಾದರೆ ಎಲ್ಲವೂ ಮನೆಯ ತಪ್ಪೇ? ಖಂಡಿತ ಅಲ್ಲ. ಅಮೆರಿಕದ ಸರಕಾರಕ್ಕಾಗಿ ಜೇಮ್ಸ್ ಕೋಲ್ಮನ್ ಲಕ್ಷಾಂತರ ಮಕ್ಕಳನ್ನು ಪರಿಶೀಲಿಸಿ 1966ರಲ್ಲಿ ಸಲ್ಲಿಸಿದ ವರದಿ ಕಟ್ಟಡ, ಉಪಕರಣಗಳಿಗಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚು ಪ್ರಭಾವಿ ಎಂದಿತು. ಈ ಮಾತನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ವರದಿಯ ಇನ್ನೊಂದು ಮಾತನ್ನು ಮರೆಯುತ್ತಾರೆ. ಶಾಲೆ ಕಳಪೆಯಾದರೆ ಹೆಚ್ಚು ಪೆಟ್ಟು ಬೀಳುವುದು ಅಲ್ಪಸಂಖ್ಯಾತ ಮಕ್ಕಳಿಗೆ ಎಂದೂ ಅದು ಹೇಳಿತ್ತು. ಉಳ್ಳವರ ಮಗುವಿಗೆ ಶಾಲೆ ಕೈಕೊಟ್ಟರೆ ಮನೆ ಇದೆ. ಇಲ್ಲದವರ ಮಗುವಿಗೆ ಇರುವುದು ಶಾಲೆ ಮಾತ್ರ.

6ರಿಂದ 14 ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25 ಮಂದಿ ಒಂದೋ ಶಾಲೆಯ ಮೆಟ್ಟಲು ಹತ್ತಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು ಸಾಚಾರ್ ಸಮಿತಿ 2006ರಲ್ಲಿ ವರದಿ ಮಾಡಿತ್ತು. ಅದರ ಬಳಿಕ 2008ರಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಆರಂಭವಾಯಿತು. 2022ರ ನವೆಂಬರ್‌ನಲ್ಲಿ ಕೇಂದ್ರ ಸರಕಾರವು 1ರಿಂದ 8ರ ತರಗತಿಗಳನ್ನು ಅದರಿಂದ ಕೈಬಿಟ್ಟು, 9 ಮತ್ತು 10ಕ್ಕೆ ಸೀಮಿತಗೊಳಿಸಿತು. 8ನೇ ತರಗತಿಯ ತನಕ ಶಿಕ್ಷಣ ಹೇಗೂ ಉಚಿತವಲ್ಲವೇ ಎಂಬುದು ಅದು ಕೊಟ್ಟ ಕಾರಣ. ಶುಲ್ಕ ಉಚಿತವಿರಬಹುದು. ಬಸ್ಸು, ನೋಟ್‌ಬುಕ್, ಕನ್ನಡಕ ಉಚಿತವಲ್ಲ. ಮಗು ಜಾರುವ ತರಗತಿಗಳಲ್ಲೇ ಆಸರೆಯನ್ನು ತೆಗೆದದ್ದು ಸರಿಯಲ್ಲವೆಂದು ನಾವು ಹೇಳುತ್ತಲೇ ಇರಬೇಕು.

ಆದರೆ ಇರುವುದನ್ನಾದರೂ ನಾವು ಬಳಸುತ್ತಿದ್ದೇವೆಯೇ? ರಾಜ್ಯದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ 6ನೇ ತರಗತಿಯಿಂದ ಪ್ರವೇಶವಿದೆ. ಸರಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆಯಿದೆ. ಆಯ್ಕೆಯಾದವರಿಗೆ 9ರಿಂದ 12ರ ತನಕ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಈ ಪರೀಕ್ಷೆಯ ಹೆಸರು ಕೇಳಿದವರು ಕೈಯೆತ್ತಿ ಎಂದರೆ ಈ ಸಭೆಯಲ್ಲಿ ಎಷ್ಟು ಕೈಗಳು ಮೇಲೇಳಬಹುದು? ಇನ್ನು, 14 ತುಂಬದ ಮಕ್ಕಳನ್ನು ಗ್ಯಾರೇಜಿನಲ್ಲಾಗಲಿ ಅಂಗಡಿಯಲ್ಲಾಗಲಿ ದುಡಿಸುವುದನ್ನು 2016ರ ತಿದ್ದುಪಡಿ ಕಾಯ್ದೆ ನಿಷೇಧಿಸಿದೆ. ಅಂತಹ ಗ್ಯಾರೇಜಿನ ಮಾಲಕರು ನಮ್ಮ ಪಕ್ಕದ ಸಫ್‌ನಲ್ಲೇ ನಮಾಝ್‌ಗೆ ನಿಲ್ಲುವವರಾಗಿರಬಹುದು. ಅವರೊಂದಿಗೆ ಮಾತಾಡಲು ಸರಕಾರದ ಆದೇಶ ಬೇಕಾಗಿಲ್ಲ.

ಇಂದು ರಾತ್ರಿಯ ಕೆಲಸ

ಸಹೋದರ ಸಹೋದರಿಯರೇ, ಭಾಷಣ ಕೇಳಿ ಮನೆಗೆ ಹೋಗಿ ಮಲಗುವುದು ನಮಗೆ ರೂಢಿಯಾಗಿದೆ. ಇಂದು ಹಾಗಾಗುವುದು ಬೇಡ. ನಿಮ್ಮ ಮನೆಯ 6, 7 ಅಥವಾ 8ನೇ ತರಗತಿಯ ಮಗುವನ್ನು ಹತ್ತಿರ ಕೂರಿಸಿಕೊಂಡು ಅದರ ಸಮಾಜ ವಿಜ್ಞಾನದ ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ. ನಿಮಗೆ ಓದಲು ಬಾರದಿದ್ದರೂ ಮಗು ತಡವರಿಸುವುದು ನಿಮ್ಮ ಕಿವಿಗೆ ತಿಳಿಯುತ್ತದೆ. ತಡವರಿಸಿದರೆ ಬೈಯಬೇಡಿ. ಪ್ರತಿದಿನ ಇಪ್ಪತ್ತು ನಿಮಿಷ ಓದಿಸಿ, ಅದರ ಮಟ್ಟದ ಸುಲಭ ಪುಸ್ತಕದಿಂದಲೇ ಆರಂಭಿಸಿ. ನಾಳೆ ಶಾಲೆಗೆ ಹೋಗಿ ಈ ವರ್ಷ ಎಷ್ಟು ದಿನ ಗೈರಾಗಿದೆ ಎಂದು ಕೇಳಿ. ಈ ತಿಂಗಳೊಳಗೆ ಕಣ್ಣು ತೋರಿಸಿ.

ಜಮಾಅತ್ ಕಮಿಟಿಯ ಹಿರಿಯರಿಗೆ ನನ್ನದೊಂದು ವಿನಂತಿಯಿದೆ. ನಮ್ಮ ಮೊಹಲ್ಲಾದ ಪ್ರತಿ ಮನೆಯ ವಂತಿಗೆಯ ಲೆಕ್ಕ ನಿಮ್ಮ ಪುಸ್ತಕದಲ್ಲಿದೆ. ಈ ಮೂರು ತರಗತಿಗಳಲ್ಲಿರುವ ಮಕ್ಕಳ ಪಟ್ಟಿಯೊಂದು ಅದರ ಜೊತೆಗಿರಲಿ. ಹಗಲೆಲ್ಲ ಖಾಲಿಯಿರುವ ಮದ್ರಸದ ಕೋಣೆಗೆ ಸಂಜೆ ಒಂದೂವರೆ ಗಂಟೆ ದೀಪ ಹಾಕಿಸಿ. ಇಬ್ಬರು ಕಾಲೇಜು ವಿದ್ಯಾರ್ಥಿಗಳು ಕುಳಿತು ಓದಿಸಲಿ. ಜೂನ್‌ನಲ್ಲಿ ಆ ಪಟ್ಟಿ ಹಿಡಿದು, 8ರಿಂದ 9ಕ್ಕೆ ಯಾರು ಹೋಗಿಲ್ಲ ಎಂದು ಮನೆ ಮನೆಗೆ ಹೋಗಿ ಕೇಳಿ. ಎಸ್ಸೆಸ್ಸೆಲ್ಸಿಯ ಫಲಕಕ್ಕೆ ತಗಲುವ ಖರ್ಚೂ ಇದಕ್ಕೆ ತಗಲದು.

ನನ್ನ ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಮಾರುಕಟ್ಟೆಯಲ್ಲಿ ಸಿಕ್ಕಾಗಲೆಲ್ಲ ಎದ್ದು ನಿಂತು ಸಲಾಮ್ ಹೇಳುತ್ತಾನೆ, ಮೀನಿನ ದರದಲ್ಲಿ ಹತ್ತು ರೂಪಾಯಿ ಬಿಡುತ್ತಾನೆ. ಅವನ ವ್ಯಾಪಾರದ ಬಗ್ಗೆ ನನಗೆ ಗೌರವವಿದೆ. ಹಲಾಲ್ ದುಡಿಮೆಯಲ್ಲಿ ಕೀಳೆಂಬುದಿಲ್ಲ. ನನ್ನನ್ನು ಕಾಡುವುದು ಬೇರೆಯೇ. ಮೀನು ಮಾರುವುದನ್ನು ಅವನು ಆರಿಸಿಕೊಳ್ಳಲಿಲ್ಲ. ಉಳಿದ ಬಾಗಿಲುಗಳನ್ನು ಅವನಿಗೆ ನಾವು ಮುಚ್ಚಿದ್ದೆವು. ಕಳೆದ ಬಾರಿ ಸಿಕ್ಕಾಗ, "ಸರ್, ಮಗ 6ನೇ ತರಗತಿಗೆ ಬಂದಿದ್ದಾನೆ, ಒಮ್ಮೆ ಅವನ ಓದು ನೋಡುತ್ತೀರಾ?" ಎಂದು ಕೇಳಿದ. ಅವನಿಗೆ ತಿಳಿದಿದೆ, ಸಮಯ ಇದೇ ಎಂದು. ಆ ಮಗು ಈಗ ವಾರಕ್ಕೆ ಮೂರು ದಿನ ಸಂಜೆ ನನ್ನ ಮನೆಗೆ ಬರುತ್ತಿದೆ.

ಅವನ ತಂದೆಗೆ ನಾನು ಕೊಡದ ಇಪ್ಪತ್ತು ನಿಮಿಷಗಳನ್ನು ಈಗ ಆ ಮಗುವಿಗೆ ಕೊಡುತ್ತಿದ್ದೇನೆ. ನೀವು ನಿಮ್ಮ ಮಕ್ಕಳಿಗೆ ಅಷ್ಟು ತಡ ಮಾಡದಿರಿ.